ಗದೆ ಬಿಸಾಕಿ ಓಡಿದ ರಾಕ್ಷಸ

ಡಬ್ಬಿ ಇತ್ತು. ಕ್ಯಾಸೆಟ್ ಇರಲಿಲ್ಲ.

ಪಾಂಡವಪುರದ ಬಸ್ ಸ್ಟ್ಯಾಂಡ್ ಎದುರಿನ ವಿಡಿಯೋ ಅಂಗಡಿಯಲ್ಲಿ ತಿಮ್ಮರಾಜು ಖಾಲಿ ಡಬ್ಬಿಯನ್ನು ಬುಡಮೇಲು ಮಾಡಿ ಸೇರಿದವರಿಗೆ ತೋರಿಸಿದ. ಅದು ಅಮೆರಿಕದ ಬೇಸ್‌ಬಾಲ್ ಸಿನಿಮಾ. ಬಾಡಿಗೆಗೆ ಕೊಡದೆ ಅಂಗಡಿಯ ಟಿವಿಯಲ್ಲೇ ಓಡಿಸುತ್ತಿದ್ದ. 1995ರ ಆ ಬೇಸಿಗೆಯಲ್ಲಿ ಒಂದಕ್ಷರ ಇಂಗ್ಲಿಷ್ ಬಾರದವರೂ ಅದರ ನಾಯಕ ದೊಣ್ಣೆ ಬೀಸುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

"ಕದ್ದೋನು ಇನ್ಯಾರು? ನಮ್ ಬಾಮೈದ ಕುಮಾರನೇ," ಎಂದ ತಿಮ್ಮರಾಜು. "ವಿಸಿಆರ್ನ ರಿಪೇರಿಗೆ ಅಂತ ಬೆಳ್ಳೂರಿಗೆ ಕಳ್ಸಿ ವಾರ ಆಗಿತ್ತು, ಕ್ಯಾಸೆಟ್ ಡಬ್ಬೀಲೇ ಬಿದ್ದಿತ್ತು. ಅಂಗಡೀಲಿ ಇವನೊಬ್ನೇ. ಆ ಆಕ್ಟರು ಅಂದ್ರೆ ಪ್ರಾಣ ಬುಡ್ತಾನೆ. ಕ್ಯಾಸೆಟ್ ಸಿಗೋಗಂಟ ಮನೆ ಒಸ್ಲು ತುಳೀಬ್ಯಾಡ ಅಂದಿವ್ನಿ."

ಅಕ್ಕನ ಮನೆ ಬಿಟ್ಟರೆ ಕುಮಾರನಿಗೆ ಬೇರೆ ಮನೆಯಿಲ್ಲ. ಓಡಿಹೋಗಿ ಸಂಘಮಿತ್ರಾ ಮೇಡಂ ಅವರನ್ನು ಕರೆತಂದ. ಹೈಸ್ಕೂಲಿನಲ್ಲಿ ಅವನಿಗೆ ಆಟ ಕಲಿಸಿದವರು. ಊರಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಹುಡುಕುತ್ತಿದ್ದುದು ಅವರನ್ನೇ.

ಮೇಡಂ ಡಬ್ಬಿ ಎತ್ತಿಕೊಂಡರು. ಮೇಲೆ ಆ ನಟನ ಬಣ್ಣದ ಫೋಟೋ. ಪಕ್ಕದಲ್ಲೇ ಕಳ್ಳ-ಪೊಲೀಸ್ ಟಿವಿ ಗೇಮಿನ ಪೊಟ್ಟಣ. ಅದರ ಮೇಲಿನ ಪೊಲೀಸನೂ ಅದೇ ನಟ.

"ಈ ಗೇಮು ಆಡೋದು ಯಾರು?"

"ಜಾಸ್ತಿ ನಾನೇ, ಮೇಡಂ."

"ಫೋಟೋ ಬೇಕು ಅನ್ಸಿತ್ತಾ?"

"ದಿನಾ ಕೇಳ್ತೀನಿ. ಭಾವ ಕೊಡಾಕಿಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಮೇಡಂ ಬಹಳ ಕಂಡಿದ್ದರು. ಇವನು ನೆಟ್ಟಗೆ ಉತ್ತರ ಕೊಡುತ್ತಿದ್ದ.

"ಈ ವಾರ ಒಳಗೆ ಯಾರ್ಯಾರು ಬಂದಿದ್ರು?"

"ಗೇಮ್ ಆಡೋ ಐಕ್ಳು. ಆಮೇಲೆ ಹಾಲಿನ ಕುಳ್ಳಯ್ಯ."

ತಿಮ್ಮರಾಜು ನಕ್ಕ. "ಅವನಿಗ್ಯಾಕೆ ಇಂಗ್ಲಿಷ್ ಪಿಚ್ಚರು? ನಾಟಕದಾಗೆ ರಾಕ್ಷಸನ ಪಾಲ್ಟು ಸಿಕ್ಕೈತೆ. ಮೊಳದುದ್ದ ರಾಕ್ಷಸ. ಬೆಲ್ಲದ ಮಂಡಿ ಇಂದೆ ತಾಲೀಮು ಮಾಡ್ತಾವ್ನೆ, ಬೇಕಾದ್ರೆ ನೋಡಿ."

ಮೂವರೂ ಹೋದರು. ಹಾರ್ಮೋನಿಯಂ ನಡೆಯುತ್ತಿತ್ತು. ಕುಳ್ಳಯ್ಯ ಗದೆ ಎತ್ತಿದ.

ರಾಕ್ಷಸರು ಗದೆಯನ್ನು ಹೆಗಲ ಮೇಲೆ ಹೊತ್ತು ಅಬ್ಬರಿಸುವುದು ವಾಡಿಕೆ. ಕುಳ್ಳಯ್ಯ ಅಬ್ಬರಿಸಲಿಲ್ಲ. ಎರಡೂ ಕೈಯಲ್ಲಿ ಗದೆಯನ್ನು ಕಿವಿಯ ಹಿಂದೆ ಹಿಡಿದು, ಗಲ್ಲವನ್ನು ಭುಜಕ್ಕೆ ತಂದು, ಒಂದು ಕಾಲು ಮೆಲ್ಲಗೆ ಎತ್ತಿದ. ಮೈಯೆಲ್ಲ ಕಣ್ಣಾಗಿತ್ತು. ಅಷ್ಟು ಗಿಡ್ಡ ಮನುಷ್ಯ ಎಲ್ಲರ ಕಣ್ಣೆದುರೇ ಬೆಳೆದು ನಿಂತ. ಬೀಸಿದ ಗಾಳಿಗೇ ಎದುರಿನ ರಾಜನ ಪಾತ್ರದವನು ನಿಜವಾಗಿ ಹಿಂದಕ್ಕೆ ಬಿದ್ದ. ಸಂಘಮಿತ್ರಾಗೆ ಮೈ ಜುಮ್ಮೆಂದಿತು.

ಮರುಕ್ಷಣವೇ ಕುಳ್ಳಯ್ಯ ಗದೆ ಬಿಸಾಕಿ, ಹಾರ್ಮೋನಿಯಂ ಸುತ್ತ ಎದ್ದೆನೋ ಬಿದ್ದೆನೋ ಎಂದು ಓಡಿದ.

"ಲೇ, ಗದೆ ಬಿಸಾಕಿ ಎಲ್ಲಿಗ್ಲಾ ಓಯ್ತೀಯ?" ಎಂದು ನಾಟಕದ ಮೇಷ್ಟ್ರು ಚೌಡಯ್ಯ ಗದರಿದರು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ.

"ಕುಳ್ಳಯ್ಯನವರೇ, ಕ್ಯಾಸೆಟ್ ಕೊಡಿ."

"ಇವ್ನಾ?" ಎಂದ ತಿಮ್ಮರಾಜು.

"ಡಬ್ಬಿ ಮೇಲಿನ ಫೋಟೋ ಅಂಗಡೀಲೇ ಉಳಿದಿತ್ತು, ಅದೇ ಮುಖದ ಗೇಮೂ ಉಳಿದಿತ್ತು. ಕುಮಾರ ಕದ್ದಿದ್ದರೆ ಅವೆರಡನ್ನೂ ಬಿಡ್ತಿದ್ನಾ? ಕದ್ದವರಿಗೆ ಬೇಕಾಗಿದ್ದು ಆ ನಟನ ಮುಖ ಅಲ್ಲ, ಅವನ ವರಸೆ. ಇನ್ನು ಈ ಓಟ. ನಮ್ಮೂರಲ್ಲಿ ಎಲ್ರೂ ಆಡೋದು ಕ್ರಿಕೆಟ್. ಅದರಲ್ಲಿ ಬ್ಯಾಟ್ ಹಿಡ್ಕೊಂಡೇ ಓಡ್ತಾರೆ. ಹೊಡೆದ ಮೇಲೆ ಕೈಲಿರೋದನ್ನ ಬಿಸಾಕಿ ಓಡೋದು ಬೇಸ್‌ಬಾಲಿನಲ್ಲಿ. ಈ ಊರಲ್ಲಿ ಅದಿರೋದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಒಂದೆರಡು ಸಲ ನೋಡಿದವರಿಗೆ ಇಷ್ಟು ಬರಲ್ಲ."

ಕುಳ್ಳಯ್ಯ ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಕ್ಯಾಸೆಟ್ಟನ್ನು ಚೀಲದಿಂದ ತೆಗೆದ.

"ತೆಪ್ಪಾಯ್ತು ಮೇಡಮ್ಮೋರೆ. ಆವಯ್ಯ ನನ್ನಂಗೇ ಗಿಡ್ಡ. ಕೋಲೆತ್ತುದ್ರೆ ಆಳುದ್ದ ಬೆಳ್ದಂಗೆ ಕಾಣ್ತಾನೆ. ಅದೆಂಗೆ ಅಂತ ಡೈರಿ ಸೆಕ್ರೆಟರಿ ಮನೇಲಿ ಹಾಕಿಸ್ಕಂಡು ನೋಡ್ದೆ. ಓಡೋದೂ ಆ ವಿದ್ಯೆಗೇ ಸೇರಿದ್ದೇನೋ ಅಂದ್ಕಂಡೆ." ಕುಮಾರನ ಕಡೆ ತಿರುಗಿದ. "ನಿನ್ ಮ್ಯಾಲೆ ಬತ್ತದೆ ಅಂತ ಗೊತ್ತಿರ್ನಿಲ್ಲ ಕಣಪ್ಪ."

ಎಲ್ಲಿಯ ಅಮೆರಿಕ, ಎಲ್ಲಿಯ ಪಾಂಡವಪುರ! ಮಾತೇ ತಿಳಿಯದೆ ಒಬ್ಬನ ಮೈಯ ವಿದ್ಯೆ ಇನ್ನೊಬ್ಬನ ಮೈಗೆ ಹೀಗೆ ದಾಟೀತೇ ಎಂದು ಸಂಘಮಿತ್ರಾ ಬೆರಗಾಗಿ ನಿಂತಿದ್ದರು. ಬೈಯಬೇಕೆಂದಿದ್ದ ತಿಮ್ಮರಾಜು ಬೈಯುವುದನ್ನೇ ಮರೆತು ಕೈ ಚಾಚಿದ. ಕ್ಯಾಸೆಟ್ಟನ್ನು ತಿರುಗಿಸಿಯೂ ನೋಡದೆ ಕಂಕುಳಿಗೆ ಸೇರಿಸಿದ. ಕುಮಾರನ ಮುಖ ನೋಡಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ನಡೀಲಾ ಮನೆಗೆ," ಎಂದ. "ನೀನು ಬರೋಗಂಟ ಒಲೆ ಅತ್ಸಾಕಿಲ್ಲ ಅಂತ ಕುಂತವ್ಳೆ ನಿಮ್ಮಕ್ಕ."