ಗಾಜಿನ ಮೇಲೆ ಬೋರಲಾದ ಪುಸ್ತಕ

ಕರೆಂಟು ಹೋದದ್ದು ನಾಲ್ಕಕ್ಕೆ, ಬಂದದ್ದು ಐದೂವರೆಗೆ. ಅಷ್ಟು ಹೊತ್ತೂ ಸಂಗೀತ ಕಿಟಕಿಯನ್ನೇ ನೋಡುತ್ತಿದ್ದಳು. ಡಿಸೆಂಬರಿನ ಬಿಸಿಲು ಶಿಕಾರಿಪುರದ ಕಾಲೇಜು ಲೈಬ್ರರಿಯ ಗೋಡೆಯಿಂದ ಗೇಣುಗೇಣಾಗಿ ಕೆಳಗಿಳಿಯುತ್ತಿತ್ತು. ಸೊರಬದ ಐದರ ಬಸ್ಸು ಹೋಗಿಯಾಗಿತ್ತು. ಇನ್ನೊಂದಿರುವುದು ಆರೂವರೆಗೆ, ಕತ್ತಲಾದ ಮೇಲೆ.

ಕತ್ತಲಾದರೆ ಅವಳಿಗೆ ಕಣ್ಣು ಕಾಣದು. ಮನೆಯವರನ್ನು ಬಿಟ್ಟರೆ ಯಾರಿಗೂ ಇದು ಗೊತ್ತಿರಲಿಲ್ಲ. ದೊಡ್ಡಮ್ಮ ವರದಮ್ಮನಿಗೂ ಹೀಗೇ ಶುರುವಾಗಿತ್ತು. ಮೂವತ್ತು ತುಂಬುವಷ್ಟರಲ್ಲಿ ಹಗಲೂ ಆರಿಹೋಯಿತು. ಸಂಗೀತಳಿಗೆ ಈಗ ಇಪ್ಪತ್ತಾರು. ಸೊರಬದ ಸ್ಟ್ಯಾಂಡಿನಲ್ಲಿ ಅಣ್ಣ ಬ್ಯಾಟರಿ ಹಿಡಿದು ನಿಂತಿರುತ್ತಾನೆ, ಅಲ್ಲಿಯ ಚಿಂತೆಯಿಲ್ಲ. ಇಲ್ಲಿಂದ ಶಿಕಾರಿಪುರದ ಸ್ಟ್ಯಾಂಡಿನವರೆಗಿನ ಅರ್ಧ ಮೈಲಿಯದ್ದೇ ಚಿಂತೆ.

"ಇವತ್ತೇ ಇತ್ಯರ್ಥ ಆಗ್ಬೇಕೇನ್ರಿ?" ಶಿವಯೋಗಿ ಕೇಳಿದ. ಇಂಗ್ಲಿಷ್ ಉಪನ್ಯಾಸಕ, ಹುಟ್ಟುಗುರುಡ.

"ಸೋಮವಾರ ಬೆಳಿಗ್ಗೆ ಶಿವಮೊಗ್ಗದ ಅಂಗಡಿಯವ್ರು ಒಂದು ಮಷೀನು ವಾಪಸ್ ಒಯ್ತಾರೆ ಮಾರಾಯ್ರೇ. ಯಾವ್ದು ಬೇಕು ಅಂತ ದುಡ್ಡು ಕೊಡೋ ಟ್ರಸ್ಟಿಗೆ ಫಾರಂ ಕಳಿಸ್ಬೇಕಲ್ಲ."

ಮೇಜಿನ ಮೇಲೆ ಎರಡು ಸ್ಕ್ಯಾನರುಗಳಿದ್ದವು. ಒಂದು ಅಂಗೈಯಗಲದ್ದು, ಅದನ್ನು ಸಾಲುಗಳ ಮೇಲೆ ಉರುಳಿಸಬೇಕು. ಇನ್ನೊಂದು ಸೂಟ್‌ಕೇಸಿನಂಥದ್ದು, ಅದರ ಗಾಜಿನ ಮೇಲೆ ಪುಸ್ತಕವನ್ನು ಬೋರಲು ಹಾಕಬೇಕು. ಎರಡರಲ್ಲಿ ಯಾವುದಾದರೂ ಸರಿ, ಆಮೇಲೆ ಕಂಪ್ಯೂಟರು ಮೂಗಿನಿಂದ ಇಂಗ್ಲಿಷ್ ಓದುತ್ತಿತ್ತು. ಕನ್ನಡದ ಪುಟ ಕೊಟ್ಟರೆ ಜ್ವರ ಬಂದವರಂತೆ ಬಡಬಡಿಸುತ್ತಿತ್ತು. ಇವನ್ನು ಹೊಂದಿಸಿಕೊಡಲೆಂದು ಸಂಗೀತ ನಾಲ್ಕು ಶನಿವಾರಗಳಿಂದ ಬರುತ್ತಿದ್ದಳು.

ಅವನು ಚಿಕ್ಕದನ್ನು ಹಿಡಿದು ಉರುಳಿಸಿದ. ಕಂಪ್ಯೂಟರು ತೊದಲಿತು.

"ಸೊಟ್ಟ ಹೋಯ್ತು," ಅಂದಳು. "ನಿಮ್ಮ ಕೈಯಲ್ಲೇ ಗೆರೆ ಸೊಟ್ಟ ಇರ್ಬೇಕು."

"ಹಂಗಾದ್ರೆ ಕೈ ನೋಡಿ ಹೇಳ್ರಿ, ಮದುವಿ ಯಾವಾಗ?"

ಅವನಿಗೆ ಕಾಣದೆಂಬ ಧೈರ್ಯದಲ್ಲಿ ಸಂಗೀತ ಮನಸಾರೆ ನಾಚಿದಳು.

ಗಾಜಿನ ಮೇಲೆ ದಪ್ಪ ಇಂಗ್ಲಿಷ್ ಕಾದಂಬರಿಯೊಂದನ್ನು ಬೋರಲಿಟ್ಟಳು. ಹೊಲಿಗೆಯ ಹತ್ತಿರದ ಪದಗಳನ್ನು ಯಂತ್ರ ನುಂಗಿತು. ಬೆನ್ನು ಅಮುಕಿ ಹಿಡಿದಳು, ಅವನ ಕೈಯೂ ಬಂದು ಅಮುಕಿತು. ವೋಲ್ಟೇಜ್ ಸಾಲದೆ ಟ್ಯೂಬ್‌ಲೈಟು ಹೊತ್ತಿರಲಿಲ್ಲ. ಕೋಣೆಯಲ್ಲಿ ಪರದೆಯೊಂದೇ ಬೆಳಗುತ್ತಿತ್ತು, ಅದರಾಚೆ ಅವಳಿಗೆ ಎಲ್ಲ ಕಪ್ಪು ಬಟ್ಟೆ. ಸ್ಕ್ಯಾನರಿನ ಬೆಳಕು ಹೆಚ್ಚಿಸಿದಳು: ಅಕ್ಷರ ಒಡೆದು ಓದು ಕುಂಟಿತು. ತಗ್ಗಿಸಿದಳು: ಅಕ್ಷರಗಳು ಹೆಪ್ಪುಗಟ್ಟಿ ಓದು ಮುಗ್ಗರಿಸಿತು. ಮತ್ತೆ ಒಂದು ಕೂದಲೆಳೆ ಹೆಚ್ಚಿಸಿದಳು. ಇಡೀ ಪುಟ ನೀರಿನಂತೆ ಹರಿಯಿತು. ಇಬ್ಬರೂ ಹಿಡಿದಿದ್ದ ಉಸಿರನ್ನು ಒಟ್ಟಿಗೇ ಬಿಟ್ಟರು.

"ಪುಸ್ತಕ ಎತ್ತಿ ಒಂದ್ಸಲನೂ ಪುಟ ನೋಡ್ಲಿಲ್ಲ ನೀವು," ಶಿವಯೋಗಿ ಮೆಲ್ಲಗೆ ಅಂದ. "ನನ್ನಂಗೆ ಕಿವಿಯಿಂದಲೇ ಸರಿ ಮಾಡಿದ್ರಿ."

"ಹಂಗೆಲ್ಲ ಇಲ್ಲ. ನಂಗೆ ಚೆನ್ನಾಗಿ ಕಾಣ್ತದೆ." ಫಾರಂ ಎತ್ತಿಕೊಂಡು ದಡಬಡನೆ ಎದ್ದಳು. ಪಕ್ಕದ ಸ್ಟೂಲು ಕಾಲಿಗೆ ಬಡಿದು ಉರುಳಿತು.

ಬೀಗದ ಕೈ ಆಡಿಸುತ್ತ ಅಟೆಂಡರ್ ಗುಡ್ಡಮ್ಮ ಬಂದಳು. "ಏನವ್ವಾ, ಆರೂವರಿ ಬಸ್ಸೂ ಬಿಟ್ಟು ಮೇಷ್ಟ್ರ ಮನೀಗೇ ಬಿಡಾರ ಹೂಡ್ತೀಯೇನು?"

"ನೀನು ಬೀಗ ಹಾಕಬೇ, ನಾನು ಬಸ್ಸು ಹತ್ತಿಸಿ ಬರ್ತೀನಿ," ಎಂದ ಶಿವಯೋಗಿ.

"ಯಾರು ಯಾರನ್ನ ಹತ್ತಿಸ್ತಾರೋ ಶಿವಾ!" ಗುಡ್ಡಮ್ಮ ನಕ್ಕಳು.

ಬಾಗಿಲಾಚೆ ಮೂರು ಮೆಟ್ಟಿಲು. ಒಂದು, ಎರಡು ಎಂದು ಸಂಗೀತಳ ತುಟಿಯಾಡಿತು. ಕಣ್ಣ ಮುಂದೆ ಏನೂ ಇರಲಿಲ್ಲ. ರಸ್ತೆ, ಗಿಡ, ಅವನ ಮುಖ, ಯಾವುದೂ ಇರಲಿಲ್ಲ. ಲಾರಿಯೊಂದು ಗುಡುಗಿಕೊಂಡು ಹೋಯಿತು. ಕೈ ಚಾಚಿ ಆಸರೆಗೆ ತಡಕಿದಳು.

"ಮೊಣಕೈ ಹಿಡೀರಿ," ಅವನ ದನಿ ಬಂತು. "ನೀವು ಬಂದ ಎರಡನೇ ಶನಿವಾರಾನೇ ಗೊತ್ತಾತು. ಮಧ್ಯಾಹ್ನದಾಗೂ ಮೆಟ್ಟಿಲು ಎಣಿಸ್ತೀರಿ. ಎಣಿಸೋರ ಹೆಜ್ಜಿ ನಂಗೆ ಗೊತ್ತಿಲ್ಲೇನು?"

ಹಿಡಿದಳು. ಅವನ ಕೋಲು ಟಕಟಕ ಎನ್ನುತ್ತ ಮುಂದೆ ನಡೆಯಿತು. ಅರ್ಧ ದಾರಿಯಲ್ಲಿ ಅವಳು ಕೇಳಿದಳು.

"ಗೊತ್ತಿದ್ರೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬರೋದೇ ಬಿಡ್ತೀರಿ ಅಂತ ಹೆದ್ರಿಕಿ."

"ನಿಮ್ಮನ್ನ ನೋಡಿದ್ರೆ ನಂಗೆ ಹೆದರಿಕೆ ಆಗ್ತದೆ," ಅಂದಳು, ಅಳು ಉಕ್ಕಿ ಬಂದು. "ನಾಳೆ ನಾನೂ ಹೀಗೇ ಅಂತ. ಆದ್ರೂ ಶನಿವಾರ ಯಾವಾಗ ಬರ್ತದೋ ಅಂತ ಕಾಯ್ತೇನೆ. ಇದಕ್ಕೆ ಏನು ಮಾಡ್ಬೇಕು ಹೇಳಿ?"

ಕೋಲು ನಿಂತಿತು. "ನಂಗೆ ಹುಟ್ಟಿದಾಗಿಂದ ಕತ್ತಲಿ. ದಾರಿ ಗೊತ್ತೈತಿ," ಎಂದ. "ಬೆಳಕು ತರಾಕೆ ಆಗಲ್ಲ ಸಂಗೀತ. ಕೈ ಮಾತ್ರ ಬಿಡಂಗಿಲ್ಲ."

ಮೊಣಕೈಯಲ್ಲಿದ್ದ ಅವಳ ಕೈ ಜಾರಿ ಅವನ ಬೆರಳುಗಳನ್ನು ಹುಡುಕಿಕೊಂಡಿತು.

ಬಸ್ಸಿನೊಳಗೆ ದೀಪವಿತ್ತು. ಅದರ ಕೆಳಗಿನ ಸೀಟಿನಲ್ಲಿ ಕೂತು ಸಂಗೀತ ಫಾರಂ ಬಿಚ್ಚಿದಳು. ಕಿಟಕಿಯ ಸರಳು ಹಿಡಿದು ಅವನು ಕೆಳಗೆ ನಿಂತಿದ್ದ. ಗಾಜಿನ ಸ್ಕ್ಯಾನರಿನ ಹೆಸರಿನೆದುರು ಗುರುತು ಹಾಕಿದಳು. ಕೆಳಗೆ 'ಬಳಸುವ ಅಂಧ ಓದುಗರು' ಎಂಬಲ್ಲಿ ಬೆಳಿಗ್ಗೆ ಅವಳೇ ಬರೆದ ಅಂಕಿಯೊಂದಿತ್ತು. ಅದನ್ನು ಗೀಚಿ ಹೊಡೆದುಹಾಕಿದಳು.

"ಏನೋ ಹೊಡೆದ್ರಲ್ಲ?" ಎಂದ ಅವನು, ಕಿವಿಯಾನಿಸಿ.

"ಒಬ್ಬರು ಅಂತ ಇತ್ತು."

"ಈಗ?"

ಡ್ರೈವರ್ ಬಸ್ಸು ಸ್ಟಾರ್ಟ್ ಮಾಡಿದ. ಆ ಸದ್ದಿಗೆ ಮಾತು ಕೇಳಿಸುವಂತಿರಲಿಲ್ಲ. ಸಂಗೀತ ಸರಳುಗಳ ನಡುವಿನಿಂದ ಕೈ ಚಾಚಿ, ಅವನ ಅಂಗೈಯಲ್ಲಿ ಎರಡು ಬೆರಳುಗಳನ್ನು ಊರಿದಳು.