ಅರ್ಧ ಶುಲ್ಕದ ಜೊತೆಗಾರ

"ಲೈಸೆನ್ಸ್ ತೋರಿಸಿ."

ಕೆಸರಿನಲ್ಲಿ ಮೊಣಕಾಲೂರಿ ಕಪ್ಪೆಚಿಪ್ಪು ಅಗೆಯುತ್ತಿದ್ದವಳಿಗೆ ಮೊದಲು ಕಂಡದ್ದು ಒಂದು ಜೊತೆ ಹೊಸ ರಬ್ಬರ್ ಬೂಟು. ಸಮುದ್ರ ಇಳಿದ ಈ ಬಯಲಿಗೆ ಅಷ್ಟು ಹೊಸ ಬೂಟು ಹಾಕಿಕೊಂಡು ಯಾರೂ ಬರುವುದಿಲ್ಲ. ಯಾರಪ್ಪಾ ಈ ಮಹಾನುಭಾವ ಎಂದು ತಲೆಯೆತ್ತಿದಳು...



ಅವನು! ಪಕ್ಕದ ಮನೆಯವನು. ಇದೇ ಕೆಸರಿನಲ್ಲಿ ಅವಳ ಜೊತೆ ಬೆಳೆದು, ಹತ್ತು ವರ್ಷದ ಹಿಂದೆ ಹೇಳದೆ ಕೇಳದೆ ಊರು ಬಿಟ್ಟವನು. ಈಗ ಅವನ ಎದೆಯ ಮೇಲೆ ಪುರಸಭೆಯ ಬಿಲ್ಲೆ ಹೊಳೆಯುತ್ತಿತ್ತು. ಹೊಸ ಇನ್ಸ್‌ಪೆಕ್ಟರ್ ಬರುತ್ತಾರೆಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು, ನಿಜ. ಇವನೇ ಬರುತ್ತಾನೆಂದು ಯಾರು ಕಂಡಿದ್ದರು?

"ನೀನಾ...?"

"ಲೈಸೆನ್ಸ್ ತೋರಿಸಿ, ಮೇಡಂ."

ಮೇಡಂ! ಒಂದು ಕಾಲದಲ್ಲಿ ಅವಳನ್ನು 'ಕೊಕ್ಕರೆ' ಎಂದು ಕೂಗುತ್ತಿದ್ದ ಬಾಯಿ ಅದು. ಕೆಸರಿನಲ್ಲಿ ಬೂಟು ಕಳೆದುಕೊಂಡು ಒಂಟಿಕಾಲಲ್ಲಿ ನಿಂತು ಕಿರುಚುತ್ತಿದ್ದಳೆಂದು ಅವನೇ ಇಟ್ಟ ಹೆಸರು.

ಅವಳು ಲೈಸೆನ್ಸ್ ಚಾಚಿದಳು. ಅವನು ಬಗ್ಗಿ, ಜೇಬಿನಿಂದ ಕಬ್ಬಿಣದ ಅಳತೆ ಬಳೆ ತೆಗೆದು, ಬುಟ್ಟಿಯಲ್ಲಿದ್ದ ಚಿಪ್ಪುಗಳನ್ನು ಒಂದೊಂದಾಗಿ ಅದರೊಳಗೆ ತೂರಿಸಿ ನೋಡಿದ. ಬಳೆಯಿಂದ ತೂರಿ ಕೆಳಗೆ ಬಿದ್ದರೆ ಅದು ಇನ್ನೂ ಮರಿ, ಮಾರುವಂತಿಲ್ಲ. ಕೆಲವು ಬಿದ್ದವು.

"ಇದಕ್ಕೆ ದಂಡ ಇದೆ. ದಂಡ ಕಟ್ಟದೆ ಲೈಸೆನ್ಸ್ ನವೀಕರಣ ಆಗಲ್ಲ."

"ನಾನಿನ್ನೂ ಆರಿಸಿಯೇ ಇಲ್ಲ! ಕೊನೆಗೆ ಒಟ್ಟಿಗೆ ಆರಿಸ್ತೀವಿ ಅನ್ನೋದು ನಿನಗೆ ಗೊತ್ತಿಲ್ವಾ? ನಿನಗೆ ಅಗೆಯೋದು ಕಲಿಸಿದ್ದೇ ನನ್ನಮ್ಮ!"

"ಅಗೆದ ಜಾಗದಲ್ಲೇ ಆರಿಸಬೇಕು. ನಿಯಮ ಎಲ್ಲರಿಗೂ ಒಂದೇ."

ಅಷ್ಟು ಹೇಳಿ, ದಂಡದ ಚೀಟಿ ಹರಿದುಕೊಟ್ಟು ಅವನು ತಿರುಗಿ ನಡೆದ. ಚೀಟಿಯಲ್ಲಿ ಅವಳ ಹೆಸರನ್ನು ಅವನು ಲೈಸೆನ್ಸ್ ನೋಡದೆಯೇ ಬರೆದದ್ದು ಕೋಪದಲ್ಲಿದ್ದ ಅವಳಿಗೆ ಕಾಣಲಿಲ್ಲ. ನಮಗೆ ಕಂಡಿತಲ್ಲ, ಸದ್ಯಕ್ಕೆ ಅಷ್ಟು ಸಾಕು.

*

"ಬಂದನಂತೆ?" ಎಂದರು ಅಮ್ಮ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ.

"ಬಂದ. ನಂಗೇ ದಂಡ ಹಾಕಿದ."

"ಊರಿಗೆ ಬಂದವನು ನೀರಿಗೆ ಬರದೆ ಇರ್ತಾನಾ? ಕೈ ತೊಳ್ಕೋ, ಬಿಸಿನೀರು ಇಟ್ಟಿದೀನಿ."

ಅಡುಗೆಮನೆಯ ಮೂಲೆಯಲ್ಲಿ ಬಿಸಿನೀರಿನ ಬೋಗುಣಿ ಹಬೆಯಾಡುತ್ತಿತ್ತು. ಅದರಲ್ಲಿ ಕೈ ಅದ್ದಿದೊಡನೆ ಹಳೆಯದೆಲ್ಲ ಮೇಲೆದ್ದು ಬಂತು... ಎಷ್ಟು ಬೆಳಗುಗಳು ಹೀಗೇ ಕಳೆದಿದ್ದವು! ಅಮ್ಮ ಮುಂದೆ, ಇವರಿಬ್ಬರು ಹಿಂದೆ. ಮನೆಗೆಂದು ಪುಟ್ಟ ಬುಟ್ಟಿ ತುಂಬಲು ಆಗ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮಾರುವವರಿಗೆ ಮಾತ್ರ ಲೈಸೆನ್ಸ್. ಕೆಸರಿನ ಮೇಲೆ ಚಿಪ್ಪು ಉಸಿರಾಡುವ ಸಣ್ಣ ತೂತು ಕಂಡರೆ ಅವನು ಉಸಿರು ಬಿಗಿಹಿಡಿದು ಬೆರಳು ತೋರಿಸುತ್ತಿದ್ದ, ಅವಳು ಅಗೆಯುತ್ತಿದ್ದಳು. ಮನೆಗೆ ಬಂದು ಇಬ್ಬರೂ ಒಂದೇ ಬೋಗುಣಿಯಲ್ಲಿ ಮರಗಟ್ಟಿದ ಕೈ ಅದ್ದಿ, ನೀರೊಳಗೆ ಬೆರಳುಗಳ ಜಗಳ ಆಡುತ್ತಿದ್ದರು. ಹದಿನೆಂಟು ತುಂಬಿದ ಮೇಲೂ ಜಗಳ ನಿಲ್ಲಲಿಲ್ಲ. ಕೈ ಬಿಸಿಯಾದ ಮೇಲೂ ಇಬ್ಬರೂ ತೆಗೆಯುತ್ತಿರಲಿಲ್ಲ, ಅಷ್ಟೇ.

ಅಷ್ಟರಲ್ಲಿ ಅಮ್ಮನ ಮಂಡಿ ಕೈಕೊಟ್ಟಿತು. ಲೈಸೆನ್ಸ್ ವಾಪಸು ಕೊಡಬೇಕಾಯಿತು. ಅದೇನು ಆಸ್ತಿಯೇ, ಮಗಳಿಗೆ ಬರಲು? ಊರಿಗೆ ಇಷ್ಟೇ ಲೈಸೆನ್ಸ್ ಎಂದು ಲೆಕ್ಕ. ಒಂದು ಖಾಲಿಯಾದರೆ ಸರದಿಯಲ್ಲಿ ಮುಂದಿದ್ದವರಿಗೆ. ಅವಳೂ ಹೆಸರು ಬರೆಸಿದ್ದಳು. ಅವಳ ಅದೃಷ್ಟ, ಅವಳಿಗೇ ಸಿಕ್ಕಿತು! ಸಿಹಿಸುದ್ದಿ ಹೇಳಲು ಪಕ್ಕದ ಮನೆಗೆ ಓಡಿದರೆ, ಬಾಗಿಲಿಗೆ ಬೀಗ.

'ಒಂದು ಮಾತು ಹೇಳೋಕೂ ನಾನು ಬೇಡವಾದೆನಾ...?'

ಆ ಪ್ರಶ್ನೆಯನ್ನು ಅವಳು ಹತ್ತು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಮದುವೆಯ ಮಾತೆತ್ತಿದವರಿಗೆಲ್ಲ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿ ಸಾಗಹಾಕಿದ್ದಳು.

*

ಪುರಸಭೆ ಕಚೇರಿಯ ಲೈಸೆನ್ಸ್ ಕೌಂಟರಿನಲ್ಲಿ ಕೂರುತ್ತಿದ್ದ ಅಕ್ಕ ಆ ಕುರ್ಚಿಯಲ್ಲೇ ತಲೆ ನೆರೆಸಿಕೊಂಡವರು. ದಂಡದ ಚೀಟಿ ನೋಡಿ ನಕ್ಕರು.

"ಮೊದಲ ಚೀಟಿಯೇ ನಿನಗಾ! ಪಾಪ, ಅವನ ಕರುಳು ಎಷ್ಟು ಚುರ್ರೆಂದಿರಬೇಕು."

"ಪಾಪ ಅವನಾ? ಅಕ್ಕಾ, ದಂಡ ಕಟ್ತಿರೋದು ನಾನು!"

"ನೀನು ಕಟ್ತಿರೋದು ಈ ಕೌಂಟರಿನ ದಂಡ ಕಣೇ. ಅವನು ಹತ್ತು ವರ್ಷದಿಂದ ಕಟ್ತಿದಾನೆ." ಅಕ್ಕ ಮುದ್ರೆಯನ್ನು ಪಕ್ಕಕ್ಕಿಟ್ಟರು. "ಸಾಕಾಯ್ತು ಬಾಯಿ ಮುಚ್ಕೊಂಡು. ನಿಮ್ಮಮ್ಮನ ಲೈಸೆನ್ಸ್ ಖಾಲಿಯಾದಾಗ ಸರದಿಯಲ್ಲಿ ಮೊದಲು ಇದ್ದದ್ದು ನೀನಲ್ಲ. ಅವನು."

"ಏನಂದ್ರಿ...?"

"ಅವನ ಹಿಂದೆ ನೀನು. 'ನಂಗೆ ಬೇಡ, ಅವಳಿಗೆ ಕೊಡಿ' ಅಂದ. ಬೇಡ ಅಂತ ಬರ್ಕೊಟ್ರೆ ನಿನ್ನ ಕಿವಿಗೆ ಬೀಳುತ್ತೆ, ನೀನು ಹಟ ಮಾಡಿ ತಗೊಳ್ಳಲ್ಲ. ಅದಕ್ಕೆ, 'ಊರು ಬಿಟ್ಟವರ ಹೆಸರು ತಾನಾಗೇ ಬಿದ್ದು ಹೋಗುತ್ತಲ್ವಾ ಅಕ್ಕಾ?' ಅಂತ ಕೇಳಿದ. ಹೌದು ಅಂದೆ. ಮಾರನೇ ದಿನ ಹುಡುಗ ಊರಲ್ಲಿಲ್ಲ!"

ಅವಳು ಕೌಂಟರಿನ ಅಂಚು ಹಿಡಿದುಕೊಂಡಳು. ತಾನು ಅದೃಷ್ಟ ಎಂದುಕೊಂಡದ್ದು ಅವನಾ...?

"ಮತ್ತೆ ಈಗ ಯಾಕೆ ಮೇಡಂ ಗೀಡಂ ಅಂತಾನೆ?"

"ಅದೊಂದು ದೊಡ್ಡ ತಮಾಷೆ. ಹೇಗಾದ್ರೂ ಊರಿಗೆ ಬರಬೇಕು ಅಂತ ಈ ಕೆಲಸ ಹಿಡಿದ. ಸೇರಿದ ಮೇಲೆ ನಿಯಮದ ಕೊನೇ ಸಾಲು ಓದಿದ. ಇನ್ಸ್‌ಪೆಕ್ಟರ್ ಮನೆಯವರಿಗೆ ಮಾರಾಟದ ಲೈಸೆನ್ಸ್ ಇರೋ ಹಾಗಿಲ್ಲ. ಅವನು ನಿನ್ನ ಕೈ ಹಿಡಿದ್ರೆ, ನಿನ್ನ ಲೈಸೆನ್ಸ್ ಹೋಗುತ್ತೆ. ತಗೋ! ಊರಿಗೆಲ್ಲ ನಿಯಮ ಹೇಳೋನು ತನ್ನದನ್ನೇ ಓದಿರಲಿಲ್ಲ." ಅಕ್ಕನ ನಗು ಅಲ್ಲೇ ನಿಂತಿತು. "ನಿನ್ನೆ ಬೇರೆ ಊರಿಗೆ ವರ್ಗ ಕೇಳಿದಾನೆ."

ಮತ್ತೆ ಹೋಗುತ್ತಾನಾ? ಮತ್ತೆ, ಹೇಳದೆ?

ಅವಳು ಚೀಟಿಯನ್ನೂ ಅಕ್ಕನನ್ನೂ ಅಲ್ಲೇ ಬಿಟ್ಟು ಓಡಿದಳು.

*

ದಡದಲ್ಲಿ ಅವನು ಮಳೆಯ ಕೊಳಕು ನೀರು ಸೇರಿದ ಜಾಗಕ್ಕೆ 'ಅಗೆಯಬಾರದು' ಎಂಬ ಹಲಗೆ ನೆಡುತ್ತಿದ್ದ. ಗೂಟ ನೆಟ್ಟಗೆ ನಿಲ್ಲುತ್ತಿರಲಿಲ್ಲ.

"ಯಾರನ್ನ ಕೇಳಿ ಹೋದೆ?"

ಅವನ ಕೈಯಿಂದ ಸುತ್ತಿಗೆ ಜಾರಿತು.

"ಯಾರನ್ನ ಕೇಳಿ ನಂಗೆ ಬಿಟ್ಟುಕೊಟ್ಟೆ? ಹತ್ತು ವರ್ಷ ನಾನು ಅಂದ್ಕೊಂಡಿದ್ದೆ, ನಾನು ನಿನಗೆ ಬೇಡವಾದೆ ಅಂತ!"

"ಅಕ್ಕ ಹೇಳಿದ್ರಾ..." ಅವನು ತಲೆ ತಗ್ಗಿಸಿದ. "ನಿಮ್ಮಮ್ಮನ ಕೆಸರು ಅದು. ಅಲ್ಲಿ ನಾನು ಅಗೀತಾ, ನೀನು ದಡದಲ್ಲಿ ನಿಂತು ನೋಡೋದು... ನನ್ನ ಕೈಲಿ ಆಗ್ತಿರಲಿಲ್ಲ."

"ಒಂದು ಕಾಗದ ಬರೆಯೋಕೂ ಆಗ್ತಿರಲಿಲ್ವಾ?"

"ಬರೆದ್ರೆ ಎಲ್ಲಾ ಬಾಯಿಬಿಡ್ತಿದ್ದೆ. ನೀನು ಲೈಸೆನ್ಸ್ ವಾಪಸು ಕೊಟ್ಟು ಬರ್ತಿದ್ದೆ."

"ಬರ್ತಿದ್ದೆ!" ಅವಳ ಕಣ್ಣೀರು ಕೆನ್ನೆಗಿಳಿಯಿತು. "ಈಗ್ಲೂ ಕೊಡ್ತೀನಿ. ನೀನು ಇನ್ಸ್‌ಪೆಕ್ಟರ್ ಆಗೇ ಇರು."

"ಹುಚ್ಚಾ ನಿನಗೆ? ಆ ಕೆಸರು ಬಿಟ್ಟು ನೀನು ಬದುಕ್ತೀಯಾ?"

"ಮತ್ತೆ ನೀನು ಬದುಕಿದೀಯಾ?"

ದೂರದಲ್ಲಿ ನೀರು ನಿಧಾನವಾಗಿ ಬಯಲಿನತ್ತ ಮರಳುತ್ತಿತ್ತು.

"ಈ ಸಲ ಇಬ್ಬರೂ ಕೂತು ಯೋಚನೆ ಮಾಡೋಣ," ಎಂದಳು ಅವಳು, ಮೂಗೊರೆಸಿಕೊಂಡು. "ನಂಗೋಸ್ಕರ ಅಲ್ಲ. ನಿನಗೇನು ಬೇಕು, ಅದು ಹೇಳು."

ಅಂಥ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ. ಅವನೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

"ಅಗೆಯೋದು," ಎಂದ ಕೊನೆಗೆ, ಮೆಲ್ಲಗೆ. "ಬೂಟು ಹಾಕ್ಕೊಂಡು ದಡದಲ್ಲಿ ನಿಂತು ಬೇರೆಯವರು ಅಗೆಯೋದನ್ನ ನೋಡ್ತಿದ್ರೆ ಕೈ ತುರಿಸುತ್ತೆ ಕಣೇ, ಕೊಕ್ಕರೆ."

ಕೊಕ್ಕರೆ! ಅವಳು ಅಳುತ್ತಲೇ ನಕ್ಕಳು.

"ಹಾಗಾದ್ರೆ ಕೆಲಸ ಬಿಡು. ನನ್ನ ಲೈಸೆನ್ಸಿಗೆ ಒಬ್ಬ ಸಹಾಯಕನನ್ನ ಸೇರಿಸ್ಕೋಬಹುದು."

"ಗೊತ್ತು. ಅರ್ಧ ಶುಲ್ಕ. ಆದ್ರೆ... ಒಂದೇ ಮನೆಯವರಾಗಿರಬೇಕು."

"ಈ ನಿಯಮ ಮಾತ್ರ ಪೂರ್ತಿ ಓದಿದೀಯ!"

"ಇದೊಂದನ್ನ ದಿನಾ ಓದ್ತೀನಿ," ಎಂದ ಅವನು. ಕಿವಿಯವರೆಗೂ ಕೆಂಪಾಗಿದ್ದ.

"ಮತ್ತೆ? ಅದನ್ನೂ ನಾನೇ ಬಾಯಿಬಿಟ್ಟು ಕೇಳ್ಬೇಕಾ?"

ಅವನು ಅವಳ ಎರಡೂ ಕೈಗಳನ್ನು ಕೆಸರಾದ ತನ್ನ ಕೈಯೊಳಗೆ ತೆಗೆದುಕೊಂಡ.

"ನಿನ್ನ ಮನೆಯವನಾಗಿ ಇರ್ಲಾ?"

"ಇರು," ಎಂದಳು. ಆಮೇಲೆ ಕೇಳಿದಳು, "ಇನ್ನು ಯಾವತ್ತಾದ್ರೂ ಊರು ಬಿಡೋದಾದ್ರೆ?"

"ನಿನ್ನ ಕೇಳ್ತೀನಿ."

"ನಾನು ಬೇಡ ಅಂದ್ರೆ?"

"ಬೇಡ ಅನ್ನಲಿ ಅಂತಾನೇ ಕೇಳೋದು."