ಊರ ಬಾಯಿಗೆ ಹಾಕಿದ ಗಂಟು

“ಯಾರು ಕೇಳಿದ್ರೂ ತಾಯಿ ಹೆಸರು ಮಾತ್ರ ಹೇಳಬ್ಯಾಡ್ರಿ ಸಾಹೇಬ್ರ,” ಎಂದ ಜಮಾಲ್ ಸಾಬ್.

ಶೇಷಗಿರಿ ನಕ್ಕುಬಿಟ್ಟ. ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಆಗಿ ಅವನು ಮೈಸೂರಿನಿಂದ ದಾವಣಗೆರೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಸೇರು ಹೋಗಿ ಕಿಲೋ ಬಂದ ಕಾಲ ಅದು. ಹಳೆಯ ತೂಕದ ಕಲ್ಲುಗಳನ್ನು ವಶಪಡಿಸಿಕೊಂಡು ಹೊಸವಕ್ಕೆ ಮೊಹರು ಒತ್ತುವುದು ಅವನ ಕೆಲಸ. ಮಂಡಿಪೇಟೆಯಲ್ಲಿ ತಕ್ಕಡಿ ರಿಪೇರಿ ಮಾಡುವ ಜಮಾಲ್ ಸಾಬನ ಅಂಗಡಿಯ ಸ್ಟೂಲೇ ಅವನಿಗೆ ಅರ್ಧ ಕಚೇರಿ.

“ನನ್ನ ಸರ್ವೀಸಿನಲ್ಲಿ ತಂದೆ ಹೆಸರು ಬಿಟ್ಟು ಬೇರೇನೂ ಕೇಳಿಲ್ಲ ಸಾಬರೇ. ತಾಯಿ ಹೆಸರು ತಗೊಂಡು ಏನು ಮಾಡ್ತಾರೆ?”

“ಬಾಯಿ ಕಟ್ಟತಾರ್ರಿ.” ಜಮಾಲ್ ಸಾಬ್ ಬೀದಿಯ ಎರಡೂ ಕಡೆ ನೋಡಿ ದನಿ ತಗ್ಗಿಸಿದ. “ಹರಿಹರದಾಗೆ ಹೊಳೆ ದಂಡಿಗೆ ಗುತ್ತೆಪ್ಪ ಅಂತ ಅದಾನೆ. ಸಾಕ್ಷಿ ಹೇಳೋರ ಹೆಸರು, ಅವರ ತಾಯಿ ಹೆಸರು, ಎರಡೇ ಸಾಕು ಅವಂಗೆ. ಕರಿಬಸವರಾಜ ಹೋಗಿ ಬಂದಾನೆ. ನಾನು ಸುಗ್ರಾಬಿ ಮಗ ಅಂತ ಈ ಪ್ಯಾಟಿಗೆಲ್ಲ ಗೊತ್ತು. ಹಮಾಲರ ತಾಯಂದಿರೂ ಗೊತ್ತು. ನಿಮ್ಮ ತಾಯಿ ಹೆಸರು ಒಂದೇ ಇಲ್ಲಿ ಯಾರಿಗೂ ಗೊತ್ತಿಲ್ಲ. ಅದಕ್ಕೇ ನೀವೊಬ್ರು ಉಳಿದೀರಿ.”

ಕರಿಬಸವರಾಜ ಮಂಡಿಪೇಟೆಯ ಮೆಣಸಿನಕಾಯಿ ವ್ಯಾಪಾರಿ. ಅವನ ಹೊಡೆತ ತಾಳದೆ ಹೆಂಡತಿ ಶಕುಂತಲಾ ತವರಿಗೆ ಹೋಗಿದ್ದಳು. ಕುಲದ ಹಿರಿಯರು ಹೊಂದಿಕೊಂಡು ಹೋಗು ಎಂದಾಗ, ಹೊಸ ಕಾಯಿದೆಯ ಪ್ರಕಾರ ಕೋರ್ಟಿನಲ್ಲಿ ವಿಚ್ಛೇದನ ಕೇಳಿದಳು. ಬೇಸಿಗೆಯಿಂದ ಬೇಸಿಗೆಯವರೆಗೆ ಎರಡೂ ಮನೆಯವರು ಒಬ್ಬರ ಮೇಲೊಬ್ಬರು ಕೆಸರೆರಚಿದರು. ಕೊನೆಗೆ ತೀರ್ಪು ಅವಳ ಪರವಾಯಿತು. ತವರಿನವರು ಕೊಟ್ಟಿದ್ದ ಹೊಲಿಗೆ ಯಂತ್ರ ಒಯ್ಯಲು ಅಣ್ಣ ಬಕ್ಕೇಶಪ್ಪನ ಜತೆ ಗಾಡಿಯಲ್ಲಿ ಬಂದ ದಿನ, ಕರಿಬಸವರಾಜ ಅಂಗಡಿಯೊಳಗೆ ಐದು ಸೇರಿನ ಕಬ್ಬಿಣದ ಕಲ್ಲು ಎತ್ತಿ ಅವಳ ತಲೆಗೆ ಹಾಕಿದ. ಅದೇ ಅಂಗಡಿಯ ತಕ್ಕಡಿ ಪರೀಕ್ಷಿಸುತ್ತ ನಿಂತಿದ್ದ ಶೇಷಗಿರಿ ಅದನ್ನು ಕಣ್ಣಾರೆ ಕಂಡ. ಜಮಾಲ್ ಸಾಬ್ ಕಂಡ. ಹಮಾಲರು ಕಂಡರು. ಬೀದಿಯ ತುದಿಯಲ್ಲಿ ಗಾಡಿಯ ಹತ್ತಿರ ನಿಂತಿದ್ದ ಅಣ್ಣ ಕೂಗು ಕೇಳಿ ಓಡಿ ಬಂದು ತಂಗಿಯನ್ನು ತೊಡೆಯ ಮೇಲೆ ಎಳೆದುಕೊಂಡ. ಪೊಲೀಸರು ಬಂದಾಗ ರಕ್ತವಿದ್ದದ್ದು ಅಣ್ಣನ ಅಂಗಿಯ ಮೇಲೆ. ಅವನನ್ನೇ ಹಿಡಿದೊಯ್ದರು.

ಊರಿಗೆ ಅಷ್ಟು ಸಾಕಾಯಿತು. ಶೇಷಗಿರಿ ಊಟ ಮಾಡುವ ಖಾನಾವಳಿಯಲ್ಲಿ ರೊಟ್ಟಿ ಮುರಿಯುವ ಸದ್ದಿಗಿಂತ ಆ ಮಾತೇ ಜೋರು.

“ಕೋರ್ಟ್ ಮೆಟ್ಟಿಲು ಹತ್ತಿದ ಹೆಣ್ಣು, ಇನ್ನೇನಾಗ್ತತೆ?”

“ಅಣ್ಣ ಮಾನಸ್ಥ ಬಿಡ್ರಿ. ತಂಗಿ ಮಾಡಿದ್ದಕ್ಕೆ ತಲಿ ಎತ್ತಾಕಾಗದೆ ಹಂಗ ಮಾಡ್ದ.”

“ಹೊಲಿಗೆ ಮಿಷನ್ ಬೇಕಾಗಿತ್ತಂತೆ ಮಹಾರಾಣಿಗೆ. ಇನ್ನು ಯಮನ ಹೆಂಡ್ತಿಗೆ ಜಂಪರ್ ಹೊಲೀಲಿ!”

ಎಲ್ಲರೂ ನಕ್ಕರು. ಶೇಷಗಿರಿ ಎದ್ದು ನಿಂತ. “ಹೊಡೆದವನು ಗಂಡ. ನಾನು ನೋಡಿದ್ದೇನೆ.”

ನಗು ನಿಂತಿತು. ಯಾರೂ ಜಗಳಕ್ಕೆ ಬರಲಿಲ್ಲ. “ಊರಿಗೆ ಹೊಸಬರು,” ಎಂದರು ಒಬ್ಬರು, ಮಗುವಿಗೆ ಸಮಾಧಾನ ಹೇಳುವ ಹಾಗೆ. “ಸಾಹೇಬ್ರಿಗೆ ಪಲ್ಯ ಹಾಕ್ರಿ.”

ಶಕುಂತಲಾಳ ತಾಯಿ ಕಸ್ತೂರಮ್ಮ ಅವನ ಬಾಡಿಗೆ ಕೋಣೆಗೆ ಬಂದು ಹೊಸ್ತಿಲಲ್ಲೇ ಕುಳಿತಿದ್ದಳು. “ಒಬ್ಬಾಕಿ ಹೋದ್ಲು. ಇರೋ ಮಗ ಅವನೊಬ್ಬ. ಅವನ್ನ ನೇಣಿಗೆ ಬಿಡಬ್ಯಾಡ್ರಿ ಯಪ್ಪಾ.” ಶೇಷಗಿರಿ ಮಾತು ಕೊಟ್ಟ. ಕೊಟ್ಟು, ಜಮಾಲ್ ಸಾಬನನ್ನೂ ಸಾಕ್ಷಿಗೆ ಬನ್ನಿ ಎಂದು ಕರೆದ.

“ನಾ ನೋಡೀನ್ರಿ,” ಎಂದು ಜಮಾಲ್ ಸಾಬ್ ಶುರುಮಾಡಿದ. “ಆ ಕರಿಬಸವರಾಜ ಕಲ್ಲು...” ಗಂಟಲಲ್ಲಿ ಏನೋ ಹೊರಳಿತು. “...ಆ ಹೆಣ್ಣು ಮೊದಲಿಂದ್ಲೂ ನೆಟ್ಟಗಿರಲಿಲ್ಲ ಬಿಡ್ರಿ.” ಹೇಳಿದ್ದೇ ತಡ, ತನ್ನ ಬಾಯಿಗೆ ತಾನೇ ರಪ್ಪನೆ ಹೊಡೆದುಕೊಂಡ. ಕಣ್ಣು ತುಂಬಿ ಬಂದಿತ್ತು.

ಹೆದರಿದ್ದಾನೆ, ಅಷ್ಟೆ, ಎಂದುಕೊಂಡ ಶೇಷಗಿರಿ. ಈ ಹೆದರಿಕೆ ಬರೀ ಸುಳ್ಳೆಂದು ತೋರಿಸಿದರೆ ಇವನೂ ಸಾಕ್ಷಿಗೆ ಬಂದಾನು.

ಹರಿಹರದ ಅಂಗಡಿಗಳ ತಪಾಸಣೆ ಮುಗಿಸಿದ ಸಂಜೆ ಅವನು ತಾನಾಗಿಯೇ ಹೊಳೆಯ ದಂಡೆಗೆ ಇಳಿದ. ತುಂಗಭದ್ರೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ದೇವಸ್ಥಾನದ ಗಂಟೆ ಆಗಷ್ಟೇ ನಿಂತಿತ್ತು. ಗುತ್ತೆಪ್ಪನ ಗುಡಿಸಲಿನ ಒಳಗೆ ಸುಟ್ಟ ಮೆಣಸಿನಕಾಯಿಯ ಘಾಟು, ನೆನೆದ ಬೂದಿಯ ವಾಸನೆ, ಅದರಡಿಯಲ್ಲಿ ಏನೋ ಕೊಳೆತ ನಾತ. ದೀಪವಿರಲಿಲ್ಲ. ಮೂಲೆಯಲ್ಲಿ ಯಾರೋ ಕೆಮ್ಮಿದರು.

“ಬಾಯಿ ಮುಚ್ಚಿಸೋ ಗುತ್ತೆಪ್ಪ ನೀವೇನಾ?”

“ಮುಚ್ಚಿದ ಬಾಯಿ ಯಾರಿಗೆ ಬೇಕಪ್ಪ? ಜಡ್ಜಿಗೆ ಅನುಮಾನ ಬರ್ತತೆ.” ಆ ದನಿ ದಣಿದಿತ್ತು. “ನಾ ಗಂಟು ಹಾಕ್ತೀನಿ. ಒಬ್ಬನ ಬಾಯಿಗೂ ಊರ ಬಾಯಿಗೂ ಗಂಟು. ನಿನ್ನ ಹೆಸರೊಂದೇ ಬಂದೈತೆ. ಅರ್ಧ ನೂಲು ಹಂಗೇ ಐತೆ. ಸುಮ್ನೆ ಮನಿಗೆ ಹೋಗಪ್ಪ.”

“ಉಳಿದದ್ದನ್ನೂ ತಗೊಳ್ಳಿ. ಶೇಷಗಿರಿ. ತಾಯಿ ಲಕ್ಷ್ಮೀದೇವಮ್ಮ. ಬೇಕಾದ್ರೆ ಸರ್ಕಾರಿ ಮೊಹರು ಒತ್ತಿ ಕೊಡ್ತೀನಿ.”

ಕತ್ತಲಲ್ಲಿ ನೂಲು ಎಳೆದ ಸದ್ದು. ಬಿಗಿದ ಸದ್ದು.

“ಯಾಕ ಹೇಳಿದ್ಯೋ ತಮ್ಮಾ,” ಎಂದ ಗುತ್ತೆಪ್ಪ. ಆ ಮಾತಿನಲ್ಲಿ ಗೆಲುವಿರಲಿಲ್ಲ.

ಬಸ್ಸಿನಲ್ಲಿ ಶೇಷಗಿರಿ ತನ್ನ ಸಾಕ್ಷಿಯನ್ನು ಮನಸ್ಸಿನಲ್ಲೇ ಒಪ್ಪಿಸಿಕೊಂಡ. ಒಂದು ಪದವೂ ತಪ್ಪಲಿಲ್ಲ. ಮರುದಿನ ಜಮಾಲ್ ಸಾಬನಿಗೆ ನಡೆದದ್ದನ್ನು ಹೇಳಿ ನಕ್ಕ. ಜಮಾಲ್ ಸಾಬ್ ನಗಲಿಲ್ಲ. ಕೈಯಲ್ಲಿದ್ದ ತಕ್ಕಡಿಯನ್ನು ಕೆಳಗಿಟ್ಟು ಅಂಗಡಿಯ ಬಾಗಿಲು ಹಾಕಿದ.

ವಿಚಾರಣೆಯ ದಿನ ಮ್ಯಾಜಿಸ್ಟ್ರೇಟ್ ಕೋರ್ಟಿನ ಕಿಟಕಿಗಳಲ್ಲೂ ಜನ ಜೋತುಬಿದ್ದಿದ್ದರು. ಬಕ್ಕೇಶಪ್ಪನ ಮೇಲಿನ ಕೊಲೆ ಆರೋಪ ಚಿತ್ರದುರ್ಗದ ಸೆಷನ್ಸ್ ಕೋರ್ಟಿಗೆ ಹೋಗಬೇಕೋ, ಅವನನ್ನು ಬಿಡಬೇಕೋ ಎಂಬುದು ಅಂದು ತೀರ್ಮಾನವಾಗಬೇಕಿತ್ತು. ಅವನ ಪರವಾಗಿ ಇದ್ದದ್ದು ಒಬ್ಬನೇ ಸಾಕ್ಷಿ. ಹಿಂದಿನ ಬೆಂಚಿನಲ್ಲಿ ಕರಿಬಸವರಾಜ ಇಸ್ತ್ರಿಯ ಅಂಗಿ ತೊಟ್ಟು ಕುಳಿತಿದ್ದ.

ಪ್ರಮಾಣವಚನ ಸಲೀಸಾಗಿ ಬಂತು. ಹೆಸರು, ಹುದ್ದೆ ಕೂಡ.

“ಶಕುಂತಲಾಗೆ ಹೊಡೆದವರು ಯಾರು?” ಎಂದರು ಬಕ್ಕೇಶಪ್ಪನ ವಕೀಲರು.

ಶೇಷಗಿರಿ ಬಾಯಿ ತೆರೆದ.

ನಾಲಗೆಯ ಮೇಲೆ ಎಲೆ-ಅಡಿಕೆಯ ಒಗರು ಹರಡಿತು. ಅವನು ಎಂದೂ ಎಲೆ-ಅಡಿಕೆ ಹಾಕಿದವನಲ್ಲ. ಹಿಂದೆಯೇ ಬೀಡಿಯ ಹೊಗೆ. ನಶ್ಯದ ಉರಿ. ಯಾರದೋ ಹುಳುಕು ಹಲ್ಲಿನ ನಾತ. ಯಾರದೋ ರಾತ್ರಿಯ ಬೆಳ್ಳುಳ್ಳಿ. ಬಾಯಿ ತುಂಬಿತು. ಕೆನ್ನೆ ಉಬ್ಬಿತು. ಅಷ್ಟೂ ಬಾಯಿಗಳು ಅವನ ಒಂದೇ ಬಾಯಿಯಲ್ಲಿ.

“ಆಕಿ ಅಣ್ಣನೇ ರೀ,” ಎಂದಿತು ಬಾಯಿ.

ಅದು ಮೈಸೂರಿನ ಮಾತಲ್ಲ. ಅವನ ದನಿಯೂ ಅಲ್ಲ. ಒಮ್ಮೆ ಮುದುಕಿಯದು, ಒಮ್ಮೆ ಗಂಡಸಿನದು.

“ಮಾನ ಹೋದ ಮ್ಯಾಲೆ ಅವನಾದ್ರೂ ಏನ್ ಮಾಡ್ತಾನ್ರಿ? ಕಟ್ಟಿಕೊಂಡ ಗಂಡನ್ನ ಬೀದಿಗೆ ಎಳದ್ಲು. ಹಂಗಾಗಿ ಕಲ್ಲು ಎತ್ತಿದ.”

ಅವನು ನಾಲಗೆ ಕಚ್ಚಿದ. ರಕ್ತ ಬಂತು. ರಕ್ತದೊಳಗಿಂದಲೇ ಮಾತು ಬಂತು. ಗಾಳಿಯಲ್ಲಿ ಬೆರಳಾಡಿಸಿ ಕಾಗದ ಕೇಳಿದ. “ಬಾಯಿಂದ ಹೇಳಿ. ಚೆನ್ನಾಗೇ ಮಾತಾಡ್ತಿದ್ದೀರಲ್ಲ,” ಎಂದು ಮ್ಯಾಜಿಸ್ಟ್ರೇಟರು ಗದರಿದರು. ಕಿಟಕಿಯವರು ನಕ್ಕರು. ಅವನು ಇದ್ದ ಬಲವನ್ನೆಲ್ಲ ತೋಳಿಗೆ ತಂದು ಕರಿಬಸವರಾಜನ ಕಡೆ ಬೆರಳು ಮಾಡಿದ. ಬೆರಳು ಏರಿತು. ನಿಂತಿತು. ನೆಟ್ಟಗೆ ಅವನನ್ನೇ ತೋರಿಸಿತು.

“ಪಾಪ,” ಎಂದಿತು ಬಾಯಿ, “ಆ ಮನುಷ್ಯನ ಸಂಸಾರ ಹಾಳಾತು ನೋಡ್ರಿ.”

ಸಾಲು ಸಾಲಾಗಿ ತಲೆಗಳು ಹೌದೆಂದು ಆಡಿದವು.

ಬಕ್ಕೇಶಪ್ಪನನ್ನು ಚಿತ್ರದುರ್ಗಕ್ಕೆ ಒಪ್ಪಿಸಲು ಆಜ್ಞೆಯಾಯಿತು. ಪೊಲೀಸರು ಕರೆದೊಯ್ಯುವಾಗ ಅವನು ಬೈಯಲಿಲ್ಲ. ಲೆಕ್ಕ ತಪ್ಪಿದವನಂತೆ ಶೇಷಗಿರಿಯ ಮುಖವನ್ನೇ ನೋಡುತ್ತ ಹೋದ.

ಜಗಲಿಯಲ್ಲಿ ಕಸ್ತೂರಮ್ಮ ದಾರಿಗೆ ಅಡ್ಡ ನಿಂತಿದ್ದಳು. ಸುತ್ತ ಜನ ಗುಂಪುಗೂಡಿದರು.

“ಹಂಗ ಯಾಕ ಹೇಳಿದ್ರಿ ಅಂತ ಕೇಳಲ್ಲ,” ಎಂದಳು. “ಅದನ್ನ ಮ್ಯಾಲಿನವನು ಕೇಳ್ಲಿ. ನಂಗೆ ಒಂದೇ ಮಾತು ಹೇಳ್ರಿ. ನೀವು ಹತ್ರ ಇದ್ರಿ. ಜೀವ ಹೋಗೋವಾಗ ನನ್ನ ಮಗಳ ಬಾಯಿಗೆ ಯಾರಾದ್ರೂ ನೀರು ಬಿಟ್ರಾ?”

ಬಿಟ್ಟಿದ್ದರು. ಅವನೇ ಬಿಟ್ಟಿದ್ದ. ಅಣ್ಣ ಒಳಗೆ ಬರುವ ಮೊದಲು, ಅಂಗಡಿಯ ಹೂಜಿಯಿಂದ ಬೊಗಸೆಯಲ್ಲಿ ಹಿಡಿದು. ಅವಳು ಅವನ ಮಣಿಕಟ್ಟು ಹಿಡಿದುಕೊಂಡು ಕುಡಿದಿದ್ದಳು. ನೀರು ಗಂಟಲಿಗೆ ಇಳಿದದ್ದನ್ನು ಅವನು ಕಂಡಿದ್ದ. ಹೌದು ಎಂದರೆ ಸಾಕು. ಒಂದೇ ಪದ.

ನಾಲಗೆಯ ಮೇಲೆ ಒಗರು ಏರಿತು. ಅವನು ಎರಡೂ ಕೈಯಿಂದ ಬಾಯಿ ಅದುಮಿಕೊಂಡ.

“ನಾಚಿಕಿ ಬ್ಯಾಡ. ಹೇಳ್ರಿ ಯಪ್ಪಾ.” ಕಸ್ತೂರಮ್ಮ ಮೆಲ್ಲಗೆ ಅವನ ಕೈಗಳನ್ನು ಹಿಡಿದು, ತಾನೇ ಬಾಯಿಂದ ಸರಿಸಿದಳು.

“ಅಂಥಾಕಿ ಬಾಯಿಗೆ ನೀರು ಯಾರು ಬಿಡ್ತಾರ್ರಿ?”

ಅವಳ ಹಿಡಿತ ಸಡಿಲವಾಯಿತು. ಅವನು ಹೌದು, ಹೌದು ಎಂದು ತಲೆ ಆಡಿಸಿದ. ಕುತ್ತಿಗೆ ಮುರಿಯುವಂತೆ ಆಡಿಸಿದ. ಅಷ್ಟರಲ್ಲಿ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ್ದಳು.

“ಸರಿಯಾಗಿ ಹೇಳಿದ್ರಿ,” ಎಂದು ಹಿಂದಿನಿಂದ ಯಾರೋ ಜಗಲಿಯ ಬೆಂಚಿನಲ್ಲಿ ಸರಿದು ಜಾಗ ಮಾಡಿದರು. “ಬರ್ರಿ ಸಾಹೇಬ್ರ, ಕೂಡ್ರಿ.”